ಥೈರಾಯ್ಡ್ ಮಾತ್ರೆ ಶುರುವಾಗಿದೆ, ಏಳು ವಾರಕ್ಕೆ ಕ್ಲಾಸ್ ಒನ್ ಮೆಡಿಕಲ್ ಇದೆ: ತಿಳಿದವರು ದಾರಿ ತೋರಿಸಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಿಂದ ಹಾರುವ ಒಂದು ವಿಮಾನ ಸಂಸ್ಥೆಯಲ್ಲಿ ಎಟಿಆರ್ ವಿಮಾನದ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದೇನೆ. ವಯಸ್ಸು 32, ಊರು ತೀರ್ಥಹಳ್ಳಿಯ ಹತ್ತಿರ. ಕಳೆದ ಮಳೆಗಾಲದಿಂದ ವಿಪರೀತ ಆಯಾಸ ಕಾಡುತ್ತಿತ್ತು. ಬೆಳಗಿನ ಜಾವದ ಡ್ಯೂಟಿ ಮುಗಿಸಿ ಬಂದರೆ ಯಾರಿಗಾದರೂ ಸುಸ್ತಾಗುತ್ತದೆ ಎಂದುಕೊಂಡು ಬಹಳ ದಿನ ಅದನ್ನು ರೋಸ್ಟರಿನ ತಲೆಗೆ ಕಟ್ಟಿದೆ. ಆದರೆ ರಜೆಯಲ್ಲಿ ಊರಿಗೆ ಹೋಗಿ ಹತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಮೈಯಲ್ಲಿ ಕಸುವು ಇರಲಿಲ್ಲ. ತೂಕ ಆರು ಕಿಲೋ ಏರಿತ್ತು. ಎಲ್ಲರೂ ಸೆಕೆ ಎನ್ನುತ್ತಿದ್ದಾಗ ನನಗೆ ಮಾತ್ರ ಚಳಿಯಾಗುತ್ತಿತ್ತು.

ನಿಜವಾಗಿ ಭಯ ಹುಟ್ಟಿಸಿದ್ದು ಒಂದು ಸಣ್ಣ ಘಟನೆ. ಇಳಿಯುವ ಮುನ್ನ ಚೆಕ್‌ಲಿಸ್ಟ್ ಓದುವಾಗ ನಡುವಿನ ಒಂದು ಸಾಲನ್ನು ಬಿಟ್ಟು ಮುಂದಿನದನ್ನು ಓದಿಬಿಟ್ಟೆ. ಕ್ಯಾಪ್ಟನ್ ತಕ್ಷಣ ತಡೆದರು, ಏನೂ ತೊಂದರೆಯಾಗಲಿಲ್ಲ. ಆದರೆ ಅವರು ಹೇಳುವವರೆಗೂ ನಾನು ಸಾಲು ಬಿಟ್ಟದ್ದು ನನಗೇ ಗೊತ್ತಾಗಿರಲಿಲ್ಲ. ಮರುದಿನವೇ ರಕ್ತಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ (ಥೈರಾಯ್ಡ್ ಕೆಲಸವನ್ನು ಅಳೆಯುವ ಪರೀಕ್ಷೆ) 18.4 ಬಂದಿದೆ, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ಕೆಳಗಿನ ಮಿತಿಗಿಂತ ಸ್ವಲ್ಪ ಕಡಿಮೆ, ಆಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಪ್ರತಿಕಾಯ) ಬಹಳ ಹೆಚ್ಚು. ಹಾರ್ಮೋನ್ ತಜ್ಞರು ಇದು ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಕೆಡಿಸುವ ಹಾಶಿಮೊಟೊ ಕಾಯಿಲೆ ಎಂದು ಹೇಳಿ, ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ 75 ಮೈಕ್ರೊಗ್ರಾಂ ಬರೆದುಕೊಟ್ಟಿದ್ದಾರೆ. ಮಾತ್ರೆ ಶುರುವಾಗಿ ಐದು ದಿನವಾಯಿತು. ನನ್ನ ಕ್ಲಾಸ್ ಒನ್ ಮೆಡಿಕಲ್, ಅಂದರೆ ವೃತ್ತಿಯ ಪೈಲಟ್‌ಗೆ ಬೇಕಾದ ಆರೋಗ್ಯ ಅರ್ಹತಾ ಪತ್ರದ ನವೀಕರಣಕ್ಕೆ ಇನ್ನು ಏಳು ವಾರವಿದೆ. ಸದ್ಯಕ್ಕೆ ಒಂದು ವಾರದ ಅನಾರೋಗ್ಯ ರಜೆ ಹಾಕಿದ್ದೇನೆ.

ಜೊತೆಯವರೊಬ್ಬರು ಸಲಹೆ ಕೊಟ್ಟರು: ಮಾತ್ರೆ ನುಂಗುತ್ತಿರು, ಫಾರಂನಲ್ಲಿ ಮಾತ್ರ ಬರೆಯಬೇಡ, ಕೇಳಿದರೆ ನೋಡಿಕೊಳ್ಳೋಣ ಎಂದು. ಇನ್ನೊಬ್ಬರು, ಥೈರಾಯ್ಡ್ ಎಂದರೆ ಆರು ತಿಂಗಳು ಮನೆಯಲ್ಲಿ ಕೂರಿಸುತ್ತಾರೆ ಎಂದು ಹೆದರಿಸಿದರು. ನನ್ನ ತರಬೇತಿಗಾಗಿ ಅಪ್ಪ ಅಡಿಕೆ ತೋಟದ ಮೇಲೆ ತೆಗೆದ ಸಾಲ ಇನ್ನೂ ಅರ್ಧ ಉಳಿದಿದೆ, ಹಾರದಿದ್ದರೆ ಹಾರಾಟದ ಭತ್ಯೆ ಇಲ್ಲ. ಆದ್ದರಿಂದ ನಾನು ಕೇಳುವುದಿಷ್ಟು. ಈ ಕಾಯಿಲೆಯಿಂದ ಲೈಸೆನ್ಸಿಗೆ ಶಾಶ್ವತ ಕುತ್ತು ಇದೆಯೇ? ಏಳು ವಾರದೊಳಗೆ ಟಿಎಸ್‌ಎಚ್ ಸರಿಯಾಗಬಹುದೇ? ಅಷ್ಟರೊಳಗೆ ನಾನು ಹಾರಬಹುದೇ? ಬೆಳಗಿನ ಮೂರೂವರೆಗೆ ಕ್ಯಾಬ್ ಬರುವ ದಿನಗಳಲ್ಲಿ ಈ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುವುದು? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ವೈಮಾನಿಕ ವೈದ್ಯ:

ತಮ್ಮಾ, ಮೊದಲನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದರಿಂದ ಇವತ್ತು ರಾತ್ರಿಯಾದರೂ ನಿಮಗೆ ನಿದ್ದೆ ಬರಲಿ. ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದ ಸ್ಥಿತಿ ಇದ್ದು, ದಿನಕ್ಕೊಂದು ಮಾತ್ರೆ ತೆಗೆದುಕೊಂಡು, ಹಾರ್ಮೋನ್ ಮಟ್ಟವನ್ನು ಸ್ಥಿರವಾಗಿ ಇಟ್ಟುಕೊಂಡಿರುವ ಪೈಲಟ್‌ಗಳು ಪ್ರಪಂಚದ ಎಲ್ಲ ಕಡೆ ಹಾರುತ್ತಿದ್ದಾರೆ, ನಮ್ಮ ದೇಶದಲ್ಲೂ ಹಾರುತ್ತಿದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಲೈಸೆನ್ಸ್ ನಿಯಮಗಳಿರುವ ಒಂದನೆಯ ಅನುಬಂಧ ಹೇಳುವ ತತ್ವ ಇಷ್ಟೇ: ಹಾರಾಟದ ಸುರಕ್ಷತೆಗೆ ಅಡ್ಡಿಯಾಗುವಂಥ ಹಾರ್ಮೋನ್ ತೊಂದರೆ ಇರುವವರನ್ನು ಅನರ್ಹರೆಂದು ಪರಿಗಣಿಸಬೇಕು. ಅಡ್ಡಿಯಾಗುವಂಥದ್ದೇ ಎಂಬುದು ಇಲ್ಲಿಯ ಮುಖ್ಯ ಮಾತು. ಯುರೋಪಿನ ನಿಯಮಾವಳಿ ಇದನ್ನೇ ಇನ್ನೂ ಬಿಡಿಸಿ, ಥೈರಾಯ್ಡ್ ಮಟ್ಟ ಸ್ಥಿರವಾಗಿ ಸಹಜ ಸ್ಥಿತಿಗೆ ಬಂದ ಮೇಲೆ ಅರ್ಹತೆಯನ್ನು ಪರಿಗಣಿಸಬಹುದು ಎನ್ನುತ್ತದೆ. ಆದ್ದರಿಂದ ನಿಮ್ಮ ಮುಂದಿರುವುದು ತಾತ್ಕಾಲಿಕ ಅನ್‌ಫಿಟ್ ಆಗುವ ಸಾಧ್ಯತೆಯೇ ಹೊರತು ಲೈಸೆನ್ಸ್ ಕಳೆದುಕೊಳ್ಳುವ ಸ್ಥಿತಿಯಲ್ಲ. ಆರು ತಿಂಗಳು ಎಂಬ ಲೆಕ್ಕವನ್ನು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ರಕ್ತ ಎಷ್ಟು ಬೇಗ ಸ್ಥಿರವಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆದರೆ ಈಗ ನೀವು ಹಾರಬಾರದು. ಒಂದು ವಾರದ ರಜೆ ಸಾಲದು, ಅದನ್ನು ಮುಂದುವರಿಸಿ, ನಿಮ್ಮ ಸಂಸ್ಥೆಯ ವೈದ್ಯಾಧಿಕಾರಿಗೆ ಬರಹದಲ್ಲಿ ತಿಳಿಸಿ. ಕೈಯಲ್ಲಿ ಇನ್ನೂ ಚಾಲ್ತಿಯಲ್ಲಿರುವ ಮೆಡಿಕಲ್ ಇದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತನ್ನ ದೇಹಸ್ಥಿತಿ ಕುಗ್ಗಿದೆ ಎಂದು ಗೊತ್ತಿರುವ ಪೈಲಟ್ ಆ ಲೈಸೆನ್ಸಿನ ಹಕ್ಕನ್ನು ಚಲಾಯಿಸಬಾರದು ಎಂಬ ನಿಯಮ ಅದೇ ಅನುಬಂಧದಲ್ಲಿದೆ. ನೀವು ಚೆಕ್‌ಲಿಸ್ಟಿನ ಸಾಲು ಬಿಟ್ಟ ಸಂಗತಿಯನ್ನು ಮುಚ್ಚಿಡದೆ ಬರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಹೈಪೋಥೈರಾಯ್ಡಿನಲ್ಲಿ ನಾವು ಹೆದರುವುದು ಹಠಾತ್ತನೆ ಪ್ರಜ್ಞೆ ತಪ್ಪುವುದಕ್ಕಲ್ಲ. ಗಮನ ಮತ್ತು ನೆನಪು ಮಂದವಾಗುತ್ತವೆ, ಆ ಮಂದತನ ಅನುಭವಿಸುತ್ತಿರುವವನಿಗೇ ತಿಳಿಯುವುದಿಲ್ಲ, ಅದಕ್ಕೇ ನಾವು ಹೆದರುವುದು.

ಇನ್ನು ಏಳು ವಾರದ ಲೆಕ್ಕ. ತೋಟದವರಿಗೆ ತೋಟದ ಮಾತಿನಲ್ಲೇ ಹೇಳುತ್ತೇನೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೆಲಸಕ್ಕೆ ಕೂಗಿ ಕರೆಯುವ ದನಿ ಅದು. ತೋಟದಲ್ಲಿ ನೀರು ಬಿಡುವವನು ಓಗೊಡದಿದ್ದರೆ ಮನೆಯವರು ಕೂಗುವ ದನಿ ಏರುತ್ತಾ ಹೋಗುವುದಿಲ್ಲವೇ, ಹಾಗೆ ನಿಮ್ಮ ಟಿಎಸ್‌ಎಚ್ 18ಕ್ಕೆ ಏರಿದೆ. ಈಗ ಮಾತ್ರೆಯ ಮೂಲಕ ಹೊರಗಿನಿಂದ ನೀರು ಹಾಯಿಸುತ್ತಿದ್ದೇವೆ. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು, ಅಂದರೆ ದಿನವೂ ತೆಗೆದುಕೊಂಡರೆ ಅದು ಒಂದು ಸ್ಥಿರ ಮಟ್ಟಕ್ಕೆ ಬರಲು ಐದಾರು ವಾರ ಬೇಕು, ಅದಾದ ಮೇಲೆಯೇ ಕೂಗುವ ದನಿ ತಗ್ಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆದ್ದರಿಂದಲೇ ಡೋಸ್ ಶುರುಮಾಡಿದ ಮೇಲೆ ಅಥವಾ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಳೆದು ರಕ್ತ ಪರೀಕ್ಷಿಸುವುದು ಪದ್ಧತಿ. ಮೂರನೆಯ ವಾರಕ್ಕೇ ಪ್ರಯೋಗಾಲಯಕ್ಕೆ ಓಡಬೇಡಿ, ಬಂದ ಸಂಖ್ಯೆ ಸುಮ್ಮನೆ ಹೆದರಿಸುತ್ತದೆ. ಆರನೆಯ ವಾರದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸಹಜ ಮಿತಿಯೊಳಗೆ, ಅಂದರೆ ಹೆಚ್ಚುಕಡಿಮೆ 0.4ರಿಂದ 4ರ ನಡುವೆ ಬಂದರೆ ನಿಮ್ಮ ನವೀಕರಣಕ್ಕೆ ಸರಿಯಾಗಿ ಹೊಂದುತ್ತದೆ. ಬರದಿದ್ದರೆ ಡೋಸ್ ಬದಲಿಸಿ ಮತ್ತೆ ಆರು ವಾರ ಕಾಯಬೇಕು. ಎರಡನ್ನೂ ಈಗಲೇ ಮನಸ್ಸಿಗೆ ತಂದುಕೊಂಡಿರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಪರೀಕ್ಷೆ ಹತ್ತಿರ ಬಂದಾಗ ಎರಡೆರಡು ಮಾತ್ರೆ ನುಂಗಿ ಸಂಖ್ಯೆಯನ್ನು ಇಳಿಸಲು ನೋಡುವವರನ್ನು ಕಂಡಿದ್ದೇನೆ. ಅದು ಇಳಿಯುವುದಿಲ್ಲ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಮಾತ್ರ ನಿಧಾನವಾಗಿಯೇ ಬರುತ್ತದೆ; ಟಿ4 ಚೆನ್ನಾಗಿದ್ದು ಟಿಎಸ್‌ಎಚ್ ಎತ್ತರದಲ್ಲೇ ಇರುವ ವರದಿಯನ್ನು ಕಂಡ ಕೂಡಲೇ ಅನುಭವವುಳ್ಳ ವೈದ್ಯರು ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿದ್ದೀರಾ ಎಂದು ಕೇಳುತ್ತಾರೆ. ಮೇಲಾಗಿ, ಮಾತ್ರೆ ಅತಿಯಾದರೆ ಹೃದಯದ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಬರುವ ಸಂಭವ ಹೆಚ್ಚುತ್ತದೆ, ಕಾಕ್‌ಪಿಟ್‌ನಲ್ಲಿ ಅದು ಈಗಿರುವುದಕ್ಕಿಂತ ದೊಡ್ಡ ತೊಂದರೆ.

ಫಾರಂನಲ್ಲಿ ಬರೆಯಬೇಡ ಎಂದ ಜೊತೆಯವರ ಮಾತನ್ನು ದಯವಿಟ್ಟು ಕೇಳಬೇಡಿ. ಕಾಯಿಲೆ, ಔಷಧಿ ಎರಡನ್ನೂ ಕೇಳುವ ಆ ಹಾಳೆಯ ಕೊನೆಯಲ್ಲಿ ನಿಮ್ಮ ಸಹಿ ಇರುತ್ತದೆ. ಥೈರಾಯ್ಡಿಗೆ ಮದ್ದಿದೆ, ಮಟ್ಟ ಸರಿಯಾದರೆ ಅರ್ಹತೆ ಇದೆ. ಸುಳ್ಳು ಘೋಷಣೆಗೆ ಅಂಥ ಮದ್ದಿಲ್ಲ. ಲೈಸೆನ್ಸ್ ನಷ್ಟದ ವಿಮೆ ಮಾಡಿಸಿದ್ದರೆ, ಮುಂದೆ ಇನ್ಯಾವುದೋ ಕಾರಣಕ್ಕೆ ಪರಿಹಾರ ಕೇಳಬೇಕಾದ ದಿನ ಅವರು ಮೊದಲು ಹುಡುಕುವುದು ನೀವು ಮುಚ್ಚಿಟ್ಟದ್ದನ್ನೇ.

ಕಡತವನ್ನು ಈಗಿನಿಂದಲೇ ಕಟ್ಟಿಕೊಳ್ಳಿ. ಮೊದಲ ದಿನದ ವರದಿ, ತಜ್ಞರ ಚೀಟಿ, ಆರನೆಯ ವಾರದ ವರದಿ, ಇಸಿಜಿ, ಲಿಪಿಡ್ (ಕೊಲೆಸ್ಟರಾಲ್) ಪರೀಕ್ಷೆ. ಇವುಗಳ ಜೊತೆಗೆ ತಜ್ಞರಿಂದ ಒಂದು ಪತ್ರ ಬೇಕು: ರೋಗ ಯಾವುದು, ಡೋಸ್ ಎಷ್ಟು, ಎಂದಿನಿಂದ ಬದಲಾಗಿಲ್ಲ, ಈಗ ಯಾವ ಲಕ್ಷಣವೂ ಇಲ್ಲ, ಔಷಧಿಯಿಂದ ಅಡ್ಡಪರಿಣಾಮವಿಲ್ಲ, ಮುಂದಿನ ಪರೀಕ್ಷೆ ಯಾವಾಗ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ಬರೀ ‘ಹಾರಲು ಅರ್ಹ’ ಎಂದು ಬರೆಸಿಕೊಂಡು ಹೋದರೆ ಪ್ರಯೋಜನವಿಲ್ಲ, ಏಕೆಂದರೆ ಆ ತೀರ್ಮಾನ ತಜ್ಞರದ್ದಲ್ಲ. ಪರೀಕ್ಷಕರು ಅಲ್ಲೇ ಕೊಡುವುದು ಅವರ ಅಭಿಪ್ರಾಯ. ಕಡತ ದೆಹಲಿಯ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ವೈದ್ಯಕೀಯ ವಿಭಾಗಕ್ಕೆ ಹೋಗಿ ಅಲ್ಲಿಂದ ಬರುವುದೇ ಅಂತಿಮ.

ಕೊನೆಗೊಂದು ಪ್ರಶ್ನೆ: ಹೋದ ವರ್ಷದ ಮೆಡಿಕಲ್‌ನಲ್ಲಿ ನಿಮ್ಮ ಕೊಲೆಸ್ಟರಾಲ್ ಎಷ್ಟಿತ್ತು?

ಎಡಗಡೆಯ ಆಸನ:

ವೈದ್ಯರು ಹೇಳಿದ ಮೇಲೆ ನಾನು ಹೇಳುವುದಕ್ಕೆ ಉಳಿದಿರುವುದು ಅಡುಗೆಮನೆಯ ಮತ್ತು ಹೋಟೆಲ್ ಕೋಣೆಯ ವಿಷಯಗಳು ಮಾತ್ರ. ನಾನು ಏರ್‌ಬಸ್ 320 ಕ್ಯಾಪ್ಟನ್, ಒಂಬತ್ತು ವರ್ಷದಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಸದ್ಯಕ್ಕೆ 100 ಮೈಕ್ರೊಗ್ರಾಂ. ಈ ಒಂಬತ್ತು ವರ್ಷದಲ್ಲಿ ನನ್ನನ್ನು ಎರಡು ಸಲ ಕಂಗೆಡಿಸಿದ್ದು ಕಾಯಿಲೆಯಲ್ಲ, ಮಾತ್ರೆಯನ್ನು ನಾನು ಇಟ್ಟುಕೊಂಡ ಮತ್ತು ನುಂಗಿದ ರೀತಿ.

ಈ ಮಾತ್ರೆಗೆ ಖಾಲಿ ಹೊಟ್ಟೆ ಬೇಕು, ಬರೀ ನೀರು ಬೇಕು, ಆಮೇಲೆ ಕಡಿಮೆಯೆಂದರೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಏನೂ ಇಳಿಯಬಾರದು. ನಮ್ಮ ಮನೆಗಳಲ್ಲಿ ಎದುರಾಗುವ ದೊಡ್ಡ ಶತ್ರು ಫಿಲ್ಟರ್ ಕಾಫಿ. ಬೆಳಗಿನ ಮೂರಕ್ಕೆ ಎದ್ದು, ಮೂರೂವರೆಯ ಕ್ಯಾಬ್ ಹಿಡಿಯಬೇಕಾದವರು ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಲೋಟ ಹಿಡಿದಿರುತ್ತೇವೆ. ಜೊತೆಗೇ ಕಾಫಿ ಕುಡಿದರೆ ದೇಹ ಮಾತ್ರೆಯನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರವಿರಬೇಕು. ನಾನು ಮಂಡ್ಯದವಳು, ಬೆಳಗ್ಗೆ ರಾಗಿ ಗಂಜಿ ಕುಡಿದು ಬೆಳೆದವಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ತಿಳಿದ ಮೇಲೆ ಗಂಜಿಯನ್ನು ಬಿಡಲಿಲ್ಲ, ಹೊತ್ತನ್ನು ಬದಲಿಸಿದೆ.

ನಾನು ಕಂಡುಕೊಂಡ ದಾರಿಯೆಂದರೆ, ಮಾತ್ರೆಯನ್ನು ಗಡಿಯಾರಕ್ಕೆ ಕಟ್ಟದೆ ಮಲಗುವ ಹೊತ್ತಿಗೆ ಕಟ್ಟುವುದು. ರಾತ್ರಿ ಮಲಗುವಾಗ ತೆಗೆದುಕೊಂಡರೂ ಇದು ಚೆನ್ನಾಗಿಯೇ, ಬೆಳಗಿನದಕ್ಕಿಂತ ಸ್ವಲ್ಪ ಮೇಲಾಗಿಯೇ ಕೆಲಸ ಮಾಡುತ್ತದೆ ಎಂದು ನೆದರ್ಲೆಂಡ್ಸಿನಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿತ್ತು. ಊಟವಾಗಿ ಮೂರು ಗಂಟೆ ಕಳೆದಿರಬೇಕು, ಅಷ್ಟೇ. ನನ್ನ ತಜ್ಞರನ್ನು ಕೇಳಿ, ಅವರು ಒಪ್ಪಿದ ಮೇಲೆ ಹಾಗೆ ಮಾಡಿದೆ. ಹಗಲು ಮಲಗುವ ದಿನವಾದರೆ ಹಗಲು, ದುಬೈನಲ್ಲಿ ತಂಗಿದರೆ ಅಲ್ಲಿಯ ರಾತ್ರಿ. ವೈದ್ಯರು ಮೇಲೆ ಹೇಳಿದ ಆ ಏಳು ದಿನದ ಲೆಕ್ಕದಿಂದಾಗಿ ನಾಲ್ಕಾರು ಗಂಟೆ ಹಿಂದೆಮುಂದೆ ಆಗುವುದರಿಂದ ಏನೂ ಆಗುವುದಿಲ್ಲ. ತಿಂಗಳಲ್ಲಿ ಐದು ದಿನ ತಪ್ಪಿಸಿದರೆ ಮಾತ್ರ ಆಗುತ್ತದೆ. ನೀವೂ ನಿಮ್ಮ ತಜ್ಞರನ್ನು ಕೇಳಿ ನೋಡಿ.

ಈಗ ನನ್ನ ಮೊದಲನೆಯ ತಪ್ಪು. ಮಾತ್ರೆಯ ಬಾಟಲಿಯನ್ನು ಫ್ಲೈಟ್ ಬ್ಯಾಗಿನಲ್ಲಿ ಹಾಕಿ, ಬ್ಯಾಗನ್ನು ಕಾರಿನಲ್ಲೇ ಬಿಡುವ ಅಭ್ಯಾಸವಿತ್ತು. ಏಪ್ರಿಲ್ ತಿಂಗಳಲ್ಲಿ, ಕಿಟಕಿ ಮುಚ್ಚಿದ ಕಾರು, ಬಿಸಿಲಲ್ಲಿ ಎರಡೆರಡು ದಿನ. ಈ ಔಷಧಿಗೆ ಬಿಸಿ, ತೇವ, ಬೆಳಕು ಮೂರೂ ಆಗುವುದಿಲ್ಲ ಎಂದು ಬಾಟಲಿಯ ಮೇಲೆಯೇ ಬರೆದಿರುತ್ತದೆ. ನಾನು ಓದಿರಲಿಲ್ಲ. ಮಾತ್ರೆಗಳು ನೋಡಲು ಹಾಗೆಯೇ ಇದ್ದವು, ಆದರೆ ಟಿಎಸ್‌ಎಚ್ 7 ದಾಟಿತ್ತು. ಈಗ ಬಾಟಲಿ ಮನೆಯ ಬೀರುವಿನಲ್ಲಿರುತ್ತದೆ. ಪ್ರವಾಸಕ್ಕೆ ಒಂದು ಪುಟ್ಟ ಡಬ್ಬಿಯಲ್ಲಿ ಬೇಕಾದಷ್ಟು ದಿನದ್ದು ಮತ್ತು ಎರಡು ದಿನ ಹೆಚ್ಚಿನದು. ಮಾತ್ರೆಯ ಕಂಪನಿಯನ್ನೂ ಬದಲಿಸಬೇಡಿ: ಥೈರೊನಾರ್ಮ್ ಶುರುಮಾಡಿದ್ದರೆ ಅದನ್ನೇ, ಎಲ್ಟ್ರಾಕ್ಸಿನ್ ಆದರೆ ಅದನ್ನೇ ಮುಂದುವರಿಸಿ. ಮೆಡಿಕಲ್ ಅಂಗಡಿಯವರು ಇದು ಅದೇ, ತೆಗೆದುಕೊಳ್ಳಿ ಎಂದರೂ ಬೇಡ ಎನ್ನಿ, ಕಂಪನಿ ಬದಲಾದರೆ ಆರು ವಾರದ ಮೇಲೆ ಮತ್ತೆ ರಕ್ತ ಪರೀಕ್ಷಿಸಿಕೊಳ್ಳಿ.

ಎರಡನೆಯದು ಇನ್ನೂ ವಿಚಿತ್ರ. ನವೀಕರಣಕ್ಕೆ ಹತ್ತು ದಿನ ಇರುವಾಗ ಟಿಎಸ್‌ಎಚ್ 0.05, ಫ್ರೀ ಟಿ4 ಬಹಳ ಹೆಚ್ಚು ಎಂದು ವರದಿ ಬಂತು. ಕೈ ನಡುಕವಿಲ್ಲ, ಎದೆ ಹೊಡೆತವಿಲ್ಲ, ನಾಡಿ 68. ಡೋಸ್ ಇಳಿಸುವ ಮೊದಲು ತಜ್ಞರು ಒಂದೇ ಪ್ರಶ್ನೆ ಕೇಳಿದರು: ಕೂದಲಿಗೆ ಏನಾದರೂ ತಿನ್ನುತ್ತಿದ್ದೀರಾ? ಕೂದಲು ಉದುರುತ್ತಿದೆ ಎಂದು ಎರಡು ತಿಂಗಳಿಂದ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದೆ. ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿಯೇ ಬಯೋಟಿನ್ ಬಳಕೆಯಾಗುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆಯಾಗಿಯೂ ಟಿ4 ಸುಳ್ಳಾಗಿ ಹೆಚ್ಚಾಗಿಯೂ ಕಾಣುತ್ತದಂತೆ. ಬಯೋಟಿನ್ ಹೀಗೆ ವರದಿಗಳನ್ನು ಕೆಡಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿತ್ತು. ಅದನ್ನು ನಿಲ್ಲಿಸಿ ಐದು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ 2.1. ಅಂದು ತಜ್ಞರು ಆ ಪ್ರಶ್ನೆ ಕೇಳದೆ ಡೋಸ್ ಇಳಿಸಿದ್ದರೆ ನಾನು ನಿಜವಾಗಿಯೂ ಕಾಯಿಲೆ ಬಿದ್ದು ಮೂರು ತಿಂಗಳು ಮನೆಯಲ್ಲಿರುತ್ತಿದ್ದೆ.

ಇನ್ನೊಂದು ಸಣ್ಣ ವಿಷಯ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ, ಬೆಳಗಿನ ಒಂದೇ ಹೊತ್ತಿಗೆ, ರಾತ್ರಿ ಡ್ಯೂಟಿ ಇಲ್ಲದೆ ಎರಡು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ರಕ್ತ ಕೊಡುತ್ತೇನೆ.

ಸ್ಯಾನ್ ಹೋಸೆ ಕನ್ನಡಿಗ:

ನಾನು ವೃತ್ತಿಯ ಪೈಲಟ್ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ, ವಾರಾಂತ್ಯದಲ್ಲಿ ಸೆಸ್ನಾ 172. ಇಲ್ಲಿಯ ಕ್ರಮವನ್ನು ತಿಳಿಸಿದರೆ ಪ್ರಶ್ನೆ ಕೇಳಿದವರಿಗೆ ಧೈರ್ಯ ಬರಬಹುದು ಎಂದು ಬರೆಯುತ್ತಿದ್ದೇನೆ. ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) 2013ರಲ್ಲಿ ಕೆಲವು ಕಾಯಿಲೆಗಳ ಒಂದು ಪಟ್ಟಿ ಮಾಡಿ, ನಿಗದಿಯಾದ ಅಂಶಗಳೆಲ್ಲ ಸರಿಯಿದ್ದರೆ ಪರೀಕ್ಷಕ ವೈದ್ಯರೇ ತಮ್ಮ ಕೋಣೆಯಲ್ಲಿ ಕುಳಿತು ಮೆಡಿಕಲ್ ಕೊಟ್ಟು ಕಳಿಸಬಹುದು ಎಂದು ಅನುಮತಿ ನೀಡಿತು. ಹೈಪೋಥೈರಾಯ್ಡ್ ಆ ಪಟ್ಟಿಯಲ್ಲಿದೆ. ಕಡತ ಒಕ್ಲಹೋಮಾ ಸಿಟಿಯಲ್ಲಿರುವ ಅವರ ವೈದ್ಯಕೀಯ ಕಚೇರಿಗೆ ಹೋಗಿ ತಿಂಗಳುಗಟ್ಟಲೆ ಕಾಯಬೇಕಾದ ಪ್ರಮೇಯವಿಲ್ಲ. ನಾನು ಮೊದಲ ಸಲ ಹೋದಾಗ ಪರೀಕ್ಷಕರು ನೋಡಿದ್ದು ಮೂರೇ ಸಂಗತಿ: ಸ್ಥಿತಿ ಸ್ಥಿರವಾಗಿದೆ, ಲಕ್ಷಣಗಳಿಲ್ಲ ಎಂಬ ನನ್ನ ವೈದ್ಯರ ಟಿಪ್ಪಣಿ, ಔಷಧಿಯ ಹೆಸರು, ಮತ್ತು 90 ದಿನಗಳೊಳಗಿನ ಸಹಜ ಟಿಎಸ್‌ಎಚ್. ಇಪ್ಪತ್ತು ನಿಮಿಷದಲ್ಲಿ ಕಾಗದ ಕೈಗೆ ಬಂತು.

ಆದರೆ ಇಲ್ಲಿಯೂ ಔಷಧಿಯನ್ನು ಅರ್ಜಿಯಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟ ಸುಳ್ಳು ಹೇಳಿಕೆಯಾಗುತ್ತದೆ, ಶಿಕ್ಷೆ ಕಾಯಿಲೆಗಲ್ಲ, ಆ ಸುಳ್ಳಿಗೆ.

ಕಾರವಾರದ ಕಡಲು:

ನಾನು ಏರ್ ಟ್ರಾಫಿಕ್ ಕಂಟ್ರೋಲರ್, ನಮಗೆ ಬೇಕಾದದ್ದು ಕ್ಲಾಸ್ ತ್ರೀ ಮೆಡಿಕಲ್. ನನ್ನದು ಇದರ ವಿರುದ್ಧ ದಿಕ್ಕಿನ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್. ಮುಂದೆ ಯಾರಾದರೂ ಹೈಪರ್‌ಥೈರಾಯ್ಡ್ ಎಂದು ಹುಡುಕಿಕೊಂಡು ಇಲ್ಲಿಗೆ ಬಂದರೆ ಉಪಯೋಗಕ್ಕೆ ಬರಲಿ ಎಂದು ನಾಲ್ಕು ಮಾತು ಬರೆಯುತ್ತೇನೆ.

ಹೈಪೋ ಇರುವವರಿಗಿಂತ ನಮ್ಮ ದಾರಿ ಉದ್ದ. ಎದೆಬಡಿತ, ಕೈನಡುಕ, ನಿದ್ದೆಯಿಲ್ಲದಿರುವುದು ಒಂದು ಕಡೆ. ಕಣ್ಣಿನ ತೊಂದರೆ ಇನ್ನೊಂದು ಕಡೆ. ಗ್ರೇವ್ಸ್‌ನಲ್ಲಿ ಕಣ್ಣಿನ ಹಿಂದಿನ ಸ್ನಾಯುಗಳು ಊದಿಕೊಂಡು ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ರನ್‌ವೇ ನೋಡುವವರಿಗೂ ರಾಡಾರ್ ಪರದೆ ನೋಡುವವರಿಗೂ ಇದಕ್ಕಿಂತ ಗಂಭೀರವಾದದ್ದಿಲ್ಲ. ಧೂಮಪಾನ ಇದನ್ನು ಹೆಚ್ಚಿಸುತ್ತದೆ ಎಂದು ತಿಳಿದ ದಿನವೇ ನಾನು ಸಿಗರೇಟು ಬಿಟ್ಟೆ. ಥೈರಾಯ್ಡನ್ನು ತಗ್ಗಿಸುವ ಕಾರ್ಬಿಮಜೋಲ್ ಶುರುಮಾಡಿದಾಗ ವೈದ್ಯರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ರಕ್ತಪರೀಕ್ಷೆ. ಅಪರೂಪಕ್ಕೆ ಈ ಔಷಧಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಮಾಮೂಲಿ ಗಂಟಲುನೋವು ಎಂದು ಉಪ್ಪುನೀರು ಮುಕ್ಕಳಿಸಿ ಡ್ಯೂಟಿಗೆ ಹೋಗುವ ಹಾಗಿಲ್ಲ.

ಕೊನೆಗೆ ನಾನು ವಿಕಿರಣದಿಂದ ಗ್ರಂಥಿಯನ್ನು ಕುಗ್ಗಿಸುವ ರೇಡಿಯೊ ಅಯೋಡಿನ್ ತೆಗೆದುಕೊಂಡೆ. ಅದಾದ ಮೇಲೆ ಗ್ರಂಥಿಯ ಕೆಲಸ ಕುಗ್ಗಿ, ಈಗ ನಾನೂ ನಿಮ್ಮಂತೆ ದಿನಕ್ಕೊಂದು ಲೆವೊಥೈರಾಕ್ಸಿನ್ ನುಂಗುವವನೇ. ವಿಮಾನ ನಿಲ್ದಾಣದಲ್ಲಿ ಓಡಾಡುವವರು ಒಂದು ಸಂಗತಿ ನೆನಪಿಡಬೇಕು: ರೇಡಿಯೊ ಅಯೋಡಿನ್ ಆದ ಮೇಲೆ ಕೆಲವು ವಾರಗಳವರೆಗೆ, ಕೆಲವರಲ್ಲಿ ಎರಡು ಮೂರು ತಿಂಗಳವರೆಗೂ, ವಿಕಿರಣ ಪತ್ತೆಯಂತ್ರಗಳು ಸದ್ದು ಮಾಡಬಹುದು. ಆಸ್ಪತ್ರೆಯಿಂದ ದಿನಾಂಕ ಮತ್ತು ಪ್ರಮಾಣ ಬರೆದ ಪತ್ರವನ್ನು ಕೇಳಿ ಪಡೆದು ಜೇಬಿನಲ್ಲೇ ಇಟ್ಟುಕೊಳ್ಳಿ.

ತುಂಗಾತೀರ:

ಹದಿನೈದು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಏನಾಯಿತು ಎಂದು ತಿಳಿಸುವುದು ನನ್ನ ಕರ್ತವ್ಯ.

ಅಂದೇ ಸಂಸ್ಥೆಯ ವೈದ್ಯಾಧಿಕಾರಿಗೆ ಪತ್ರ ಬರೆದೆ. ಆರನೆಯ ವಾರದ ಟಿಎಸ್‌ಎಚ್ 6.8 ಬಂತು. ಆಯಾಸ ಬಹಳ ಮಟ್ಟಿಗೆ ಹೋಗಿತ್ತು, ಚಳಿ ಹೋಗಿತ್ತು, ಆದರೂ ಸಂಖ್ಯೆ ಮಿತಿಯೊಳಗೆ ಇರಲಿಲ್ಲ. ಆ ಕಾಗದ ಕೈಯಲ್ಲಿ ಹಿಡಿದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತಿದ್ದೆ. ಫಾರಂನಲ್ಲಿ ಎಲ್ಲವನ್ನೂ ಬರೆದು ನವೀಕರಣಕ್ಕೆ ಹೋದೆ, ತಾತ್ಕಾಲಿಕ ಅನ್‌ಫಿಟ್ ಎಂದು ಬಂತು. ಪರೀಕ್ಷಕರು ನನ್ನ ಕಡತವನ್ನು ಪೂರ್ತಿ ಓದಿ, ಮರುಪರೀಕ್ಷೆಗೆ ಏನೇನು ತರಬೇಕು ಎಂದು ತಮ್ಮ ಕೈಯಾರೆ ಬರೆದುಕೊಟ್ಟರು. ವೈದ್ಯರು ಇಲ್ಲಿ ಹೇಳಿದ್ದ ಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಕ್ಯಾಪ್ಟನ್ ಮೇಡಂ ಹೇಳಿದ ಕಾಫಿಯ ವಿಷಯವನ್ನು ನಾನು ಅಷ್ಟು ಗಂಭೀರವಾಗಿ ಪಾಲಿಸಿರಲಿಲ್ಲ. ರಜೆಯಲ್ಲಿ ಊರಿನಲ್ಲಿದ್ದಾಗ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಅಮ್ಮ ಕಾಫಿ ತಂದಿಡುತ್ತಿದ್ದರು, ಕುಡಿಯುತ್ತಿದ್ದೆ. ತಜ್ಞರು ಇದನ್ನು ಕೇಳಿ ತಿಳಿದುಕೊಂಡ ಮೇಲೂ ಡೋಸನ್ನು 88ಕ್ಕೆ ಏರಿಸಿದರು, ಮಾತ್ರೆಯನ್ನು ಮಲಗುವ ಹೊತ್ತಿಗೆ ಬದಲಿಸಲು ಒಪ್ಪಿದರು. ಅಮ್ಮ ರಾತ್ರಿ ಊಟವನ್ನು ಏಳು ಗಂಟೆಗೇ ಬಡಿಸತೊಡಗಿದರು. ಇನ್ನೂ ಆರು ವಾರ ಕಳೆದ ಮೇಲೆ ಟಿಎಸ್‌ಎಚ್ 2.4. ಇಸಿಜಿ ಸಹಜವಾಗಿತ್ತು. ತಜ್ಞರ ಪತ್ರದೊಂದಿಗೆ ಮರುಪರೀಕ್ಷೆಗೆ ಹೋದೆ, ಫಿಟ್ ಎಂದು ಬಂತು. ಕೊನೆಯ ಹಾರಾಟವಾಗಿ 90 ದಿನ ದಾಟಿದ್ದರಿಂದ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮುಗಿಸಲು ಸಿಮ್ಯುಲೇಟರಿಗೆ ಕಳಿಸಿದರು. ಮೊನ್ನೆ ಹುಬ್ಬಳ್ಳಿಗೆ ಹೋಗಿ ಬಂದೆ. ಚೆಕ್‌ಲಿಸ್ಟಿನ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದೆ.

ಆ ಹದಿನೈದು ವಾರ ಹಣದ ಮಟ್ಟಿಗೆ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬ್ಯಾಂಕಿನವರ ಹತ್ತಿರ ಹೋಗಿ ಎರಡು ಕಂತು ಮುಂದಕ್ಕೆ ಹಾಕಿಸಿಕೊಂಡೆವು. ಅಪ್ಪ ಒಂದು ಮಾತೂ ಆಡಲಿಲ್ಲ.

ವೈದ್ಯರು ಕೇಳಿದ್ದ ಪ್ರಶ್ನೆಗೆ ಆಗ ಉತ್ತರಿಸಿರಲಿಲ್ಲ, ಕ್ಷಮಿಸಿ. ಹೋದ ವರ್ಷದ ಮೆಡಿಕಲ್‌ನಲ್ಲಿ ಕೊಲೆಸ್ಟರಾಲ್ 254 ಇತ್ತು, ಎಣ್ಣೆ ತುಪ್ಪ ಕಡಿಮೆ ಮಾಡಿ ಎಂದು ಹೇಳಿ ಕಳಿಸಿದ್ದರು. ಈಗ, ಊಟದಲ್ಲಿ ಹೆಚ್ಚಿನ ಬದಲಾವಣೆ ಮಾಡದೆಯೇ, 198 ಇದೆ. ಮುಂದಿನ ಪರೀಕ್ಷೆಗಳನ್ನು ಎಷ್ಟು ತಿಂಗಳಿಗೊಮ್ಮೆ ಮಾಡಿಸಲಿ?

ನಿವೃತ್ತ ವೈಮಾನಿಕ ವೈದ್ಯ:

ಬಹಳ ಸಂತೋಷವಾಯಿತು ತಮ್ಮಾ. ಆ 254 ಎಂಬ ಸಂಖ್ಯೆಗಾಗಿಯೇ ಕೇಳಿದ್ದೆ. ಥೈರಾಯ್ಡ್ ಕುಗ್ಗಿದಾಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲನ್ನು ತೆಗೆದುಹಾಕುವ ಕೆಲಸ ನಿಧಾನವಾಗುತ್ತದೆ, ಆದ್ದರಿಂದ ಅದು ಏರುತ್ತದೆ. 30ರ ಆಸುಪಾಸಿನ ಪೈಲಟ್‌ನಲ್ಲಿ ಕಾರಣವಿಲ್ಲದೆ ಕೊಲೆಸ್ಟರಾಲ್ ಏರಿದ್ದರೆ, ಮದ್ದು ಬರೆಯುವ ಮೊದಲು ಒಮ್ಮೆ ಟಿಎಸ್‌ಎಚ್ ನೋಡಬೇಕು. ಇದನ್ನು ಓದುತ್ತಿರುವ ಬೇರೆ ಪೈಲಟ್‌ಗಳೂ ತಮ್ಮ ಹಳೆಯ ವರದಿಗಳನ್ನು ಒಮ್ಮೆ ತೆಗೆದು ನೋಡಿಕೊಳ್ಳಲಿ.

ಮುಂದಿನ ಟಿಎಸ್‌ಎಚ್ ಆರು ತಿಂಗಳಿಗೆ, ಅದು ಸ್ಥಿರವಾಗಿದ್ದರೆ ಆಮೇಲೆ ವರ್ಷಕ್ಕೊಮ್ಮೆ. ವರ್ಷದ ಪರೀಕ್ಷೆಯನ್ನು ನವೀಕರಣಕ್ಕೆ ಎಂಟು ವಾರ ಮುಂಚೆಯೇ ಮಾಡಿಸಿ, ಆಗ ಡೋಸ್ ಬದಲಿಸಬೇಕಾಗಿ ಬಂದರೂ ಮತ್ತೆ ರಕ್ತ ಪರೀಕ್ಷಿಸಲು ಹೊತ್ತಿರುತ್ತದೆ. ತೂಕ ಬಹಳ ಬದಲಾದರೆ, ಹೊಸ ಔಷಧಿ ಯಾವುದಾದರೂ ಶುರುವಾದರೆ, ಹಳೆಯ ಆಯಾಸ ಮರಳಿದರೆ ವರ್ಷ ತುಂಬುವವರೆಗೆ ಕಾಯಬೇಡಿ. ಇಂದಿನ ವರದಿಯನ್ನೂ ಕಡತಕ್ಕೆ ಸೇರಿಸಿ.